ತವರಿನ ಆಸ್ತಿಯಲ್ಲಿ ಹೆಣ್ಣುಮಕ್ಕಳ ಪಾಲು: ಕೇಳುವ, ಪಡೆಯುವ, ಉಳಿಸಿಕೊಳ್ಳುವ ಬಗೆ

ತಂದೆ ತೀರಿಕೊಂಡ ಮೇಲೆ ಉತ್ತರಕ್ರಿಯೆಗಳು ಮುಗಿಯುವಷ್ಟರಲ್ಲೇ ಅನೇಕ ಮನೆಗಳಲ್ಲಿ ಹೆಣ್ಣುಮಕ್ಕಳ ಮುಂದೆ ಒಂದು ಕಾಗದ ಬರುತ್ತದೆ. ‘ಖಾತೆ ಬದಲಾವಣೆಗೆ ಬೇಕು, ಒಂದು ಸಹಿ ಹಾಕಮ್ಮ’ ಎಂದು ಅಣ್ಣನೋ ಚಿಕ್ಕಪ್ಪನೋ ಹೇಳುತ್ತಾರೆ. ಆ ಕಾಗದ ವಾರಸುದಾರರೆಲ್ಲರ ಹೆಸರು ಸೇರಿಸುವ ಅರ್ಜಿಯಾಗಿರಬಹುದು, ಒಪ್ಪಿಗೆಯ ಪ್ರಮಾಣಪತ್ರವಾಗಿರಬಹುದು, ಇಲ್ಲವೇ ಉಪ ನೋಂದಣಿ ಕಚೇರಿಯಲ್ಲಿ ನೋಂದಣಿಗೆ ಸಿದ್ಧವಾಗಿರುವ ಹಕ್ಕು ಬಿಡುಗಡೆ ಪತ್ರವೇ ಆಗಿರಬಹುದು. ಮೂರಕ್ಕೂ ಬಹಳ ಅಂತರವಿದೆ. ಕರ್ನಾಟಕದ ಹಿಂದೂ ಕುಟುಂಬದ ಹೆಣ್ಣುಮಗಳೊಬ್ಬಳಿಗೆ ಪಿತ್ರಾರ್ಜಿತ ಆಸ್ತಿಯ ಹಕ್ಕು ಕಾನೂನಿನಲ್ಲಿ ಹುಟ್ಟಿನಿಂದಲೇ ಬಂದಿದೆ. ಅದು ಕೈತಪ್ಪುವುದು ಹೆಚ್ಚಾಗಿ ನ್ಯಾಯಾಲಯದಲ್ಲಲ್ಲ, ಓದದೆ ಹಾಕಿದ ಇಂಥದೊಂದು ಸಹಿಯಲ್ಲಿ. ಆದ್ದರಿಂದ ಈ ಬರಹದ ಮೊದಲ ಸಲಹೆ ಇದು: ಕಾಗದವನ್ನು ಮನೆಗೆ ತೆಗೆದುಕೊಂಡು ಹೋಗಿ, ಪೂರ್ತಿ ಓದಿ ಅಥವಾ ನಂಬಿಕೆಯವರಿಂದ ಓದಿಸಿ, ಅದರ ನಕಲು ನಿಮ್ಮ ಬಳಿ ಉಳಿಯುವವರೆಗೂ ಸಹಿ ಮಾಡಬೇಡಿ. ‘ಓದಿ ಹೇಳುತ್ತೇನೆ ಅಣ್ಣ, ಎರಡು ದಿನ ಕೊಡು’ ಎಂದರೆ ಯಾವ ಸಂಬಂಧವೂ ಮುರಿಯಬೇಕಾಗಿಲ್ಲ. ಅಷ್ಟಕ್ಕೇ ಮುರಿಯುತ್ತದೆ ಎನ್ನುವವರು ಆ ಕಾಗದದಲ್ಲಿ ಏನಿದೆ ಎಂಬುದನ್ನು ತಾವೇ ಹೇಳಿದಂತಾಗುತ್ತದೆ.

ಹಕ್ಕು ಎಲ್ಲಿಂದ ಬಂತು, ಎಷ್ಟು ಬಂತು

ಹೆಣ್ಣುಮಕ್ಕಳ ಆಸ್ತಿ ಹಕ್ಕು ನಮ್ಮ ನಾಡಿಗೆ ನಿನ್ನೆ ಮೊನ್ನೆ ಬಂದ ಮಾತಲ್ಲ. ಮೈಸೂರು ಸಂಸ್ಥಾನವು 1933ರಲ್ಲಿಯೇ ಹಿಂದೂ ಮಹಿಳೆಯರ ಹಕ್ಕುಗಳಿಗಾಗಿ ಪ್ರತ್ಯೇಕ ಕಾಯ್ದೆಯನ್ನು ಮಾಡಿತ್ತು. ಸ್ವಾತಂತ್ರ್ಯಾನಂತರ 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮವು ತಂದೆಯ ಸ್ವಂತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಪಾಲನ್ನು ಕೊಟ್ಟರೂ, ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದ ಬರುವ ಹಕ್ಕನ್ನು ಗಂಡುಮಕ್ಕಳಿಗೇ ಉಳಿಸಿತ್ತು. ಈ ಕೊರತೆಯನ್ನು ಕೇಂದ್ರಕ್ಕಿಂತ ಮೊದಲೇ ತುಂಬಲು ಹೊರಟ ಕೆಲವೇ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 1994ರ ಜುಲೈ 30ರಿಂದ ಜಾರಿಗೆ ಬಂದ ರಾಜ್ಯದ ತಿದ್ದುಪಡಿ ಮಗಳನ್ನೂ ಜನ್ಮತಃ ಸಹಭಾಗಿಯನ್ನಾಗಿ ಮಾಡಿತು, ಆದರೆ ಆ ದಿನಕ್ಕೆ ಮೊದಲೇ ಮದುವೆಯಾಗಿದ್ದವರನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಕೇಂದ್ರದ ತಿದ್ದುಪಡಿಯು ಈ ಭೇದವನ್ನು ತೆಗೆದುಹಾಕಿತು. ಮದುವೆಯಾಗಿರಲಿ, ಆಗದಿರಲಿ, ಗಂಡನಿಂದ ಬೇರೆಯಾಗಿರಲಿ, ಮಗಳು ಮಗನಂತೆಯೇ ಸಮಾನ ಹಕ್ಕುದಾರಳು.

ಆದರೂ ಒಂದು ಪ್ರಶ್ನೆ ಹದಿನೈದು ವರ್ಷ ಬಗೆಹರಿಯದೆ ಉಳಿಯಿತು: 2005ರ ಆ ದಿನದಂದು ತಂದೆ ಬದುಕಿರಬೇಕೇ? ಕರ್ನಾಟಕದಿಂದಲೇ ಹೋದ ಪ್ರಕಾಶ್ ವಿರುದ್ಧ ಫೂಲಾವತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2015ರಲ್ಲಿ ‘ಬದುಕಿರಬೇಕು’ ಎಂದಿತು. ಆದರೆ ಕರ್ನಾಟಕದಿಂದಲೇ ಹೋದ ದಾನಮ್ಮ ವಿರುದ್ಧ ಅಮರ್ ಪ್ರಕರಣದಲ್ಲಿ, 2001ರಲ್ಲೇ ತಂದೆಯನ್ನು ಕಳೆದುಕೊಂಡಿದ್ದ ಹೆಣ್ಣುಮಕ್ಕಳಿಗೆ 2018ರಲ್ಲಿ ಪಾಲು ಸಿಕ್ಕಿತು. ಕೊನೆಗೆ ವಿನೀತಾ ಶರ್ಮಾ ವಿರುದ್ಧ ರಾಕೇಶ್ ಶರ್ಮಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠವು 2020ರ ಆಗಸ್ಟ್ 11ರಂದು ಸ್ಪಷ್ಟಪಡಿಸಿತು: ಹಕ್ಕು ಹುಟ್ಟಿನಿಂದ ಬರುವುದರಿಂದ ತಂದೆ ಆ ದಿನ ಬದುಕಿದ್ದರೇ ಇಲ್ಲವೇ ಎಂಬುದು ಮುಖ್ಯವಲ್ಲ. ‘ಅಪ್ಪ 2005ಕ್ಕಿಂತ ಮೊದಲೇ ಹೋದರು, ನಿನಗೆ ಏನೂ ಬರುವುದಿಲ್ಲ’ ಎಂದು ಇಂದಿಗೂ ಹಳ್ಳಿಗಳಲ್ಲಿ ಹೇಳುವುದುಂಟು. ಆ ಮಾತಿಗೆ ಈಗ ಆಧಾರವಿಲ್ಲ.

ಇದಕ್ಕೆ ಒಂದು ದೊಡ್ಡ ಮಿತಿಯಿದೆ. 2004ರ ಡಿಸೆಂಬರ್ 20ಕ್ಕಿಂತ ಮೊದಲು ನೋಂದಾಯಿತ ವಿಭಾಗ ಪತ್ರದ ಮೂಲಕವಾಗಲಿ ನ್ಯಾಯಾಲಯದ ಡಿಕ್ರಿಯ ಮೂಲಕವಾಗಲಿ ಪಾಲಾಗಿದ್ದರೆ, ಅಥವಾ ಆಸ್ತಿ ಕ್ರಮಬದ್ಧವಾಗಿ ಮಾರಾಟವಾಗಿದ್ದರೆ, ಅದನ್ನು ಈ ತಿದ್ದುಪಡಿಯ ಬಲದಿಂದ ಮರಳಿ ತೆರೆಯಲಾಗದು. ಆದರೆ ‘ನಾವು ಬಾಯಿಮಾತಿನಲ್ಲಿ ಎಂದೋ ಪಾಲು ಮಾಡಿಕೊಂಡಿದ್ದೇವೆ’ ಎಂಬ ವಾದವನ್ನು ನ್ಯಾಯಾಲಯ ಸುಲಭವಾಗಿ ಒಪ್ಪುವುದಿಲ್ಲ. ಅದನ್ನು ಬೆಂಬಲಿಸುವ ಸಾರ್ವಜನಿಕ ದಾಖಲೆಗಳಿದ್ದಾಗ ಮಾತ್ರ, ಅದೂ ಅಪರೂಪಕ್ಕೆ, ಒಪ್ಪಬಹುದೆಂದು 2020ರ ತೀರ್ಪೇ ಹೇಳಿದೆ. ಅಣ್ಣತಮ್ಮಂದಿರು ಬಿಳಿ ಹಾಳೆಯ ಮೇಲೆ ಬರೆದುಕೊಂಡ ಪಾಲುಪಟ್ಟಿಯನ್ನು ತೋರಿಸಿದರೆ ಎದೆಗುಂದಬೇಡಿ, ಅದರ ನಕಲನ್ನು ಕೇಳಿ ಪಡೆದುಕೊಳ್ಳಿ.

ಆಸ್ತಿಯ ಬಗೆಯನ್ನು ಮೊದಲು ಗುರುತಿಸುವುದು

ಪಾಲು ಎಷ್ಟು ಎಂಬುದು ಆಸ್ತಿ ಎಂಥದ್ದು ಎಂಬುದನ್ನು ಅವಲಂಬಿಸಿದೆ. ಹೆಚ್ಚಿನ ಗೊಂದಲ ಹುಟ್ಟುವುದೂ ಇಲ್ಲಿಯೇ. ತಂದೆ ತಮ್ಮ ದುಡಿಮೆಯಿಂದ ಕೊಂಡದ್ದು ಸ್ವಯಾರ್ಜಿತ. ಅದನ್ನು ಅವರು ಬದುಕಿರುವಾಗ ಮಾರಬಹುದು, ದಾನ ಕೊಡಬಹುದು, ಯಾರಿಗೆ ಬೇಕಾದರೂ ಉಯಿಲು ಬರೆಯಬಹುದು. ಮಗಳಿಗೆ ಬೇಸರವಾದರೂ ಕಾನೂನು ಅದನ್ನು ತಡೆಯುವುದಿಲ್ಲ. ಉಯಿಲು ಇಲ್ಲದೆ ಅವರು ತೀರಿಕೊಂಡರೆ ಹೆಂಡತಿ, ತಾಯಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಸಮನಾಗಿ ಹಂಚಿಕೊಳ್ಳುತ್ತಾರೆ. ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಾದರೆ ತಂದೆ ತಮ್ಮ ಪಾಲಿಗೆ ಮಾತ್ರ ಉಯಿಲು ಬರೆಯಬಲ್ಲರು. ನಿಮ್ಮ ಪಾಲನ್ನು ಬರೆದುಕೊಡುವ ಅಧಿಕಾರ ಅವರಿಗಿಲ್ಲ. ಉಯಿಲೊಂದು ಎದುರಾದರೆ ಇಬ್ಬರು ಸಾಕ್ಷಿಗಳ ಸಹಿಯಿದೆಯೇ, ಯಾವ ಆಸ್ತಿಯನ್ನು ಹೆಸರಿಸಿದೆ ಎಂಬುದನ್ನು ಮೊದಲು ನೋಡಿ.

ಅಜ್ಜನಿಂದ ಬಂದದ್ದೆಲ್ಲವೂ ಪಿತ್ರಾರ್ಜಿತ ಎಂಬ ತಿಳಿವಳಿಕೆ ಸರಿಯಲ್ಲ. 1956ರ ನಂತರ ತೀರಿಕೊಂಡ ಅಜ್ಜನ ಸ್ವಂತ ಆಸ್ತಿ ಉತ್ತರಾಧಿಕಾರದಿಂದ ನಿಮ್ಮ ತಂದೆಗೆ ಬಂದಿದ್ದರೆ, ಸಾಮಾನ್ಯವಾಗಿ ಅದು ತಂದೆಯ ಸ್ವಂತ ಆಸ್ತಿಯೇ ಆಗುತ್ತದೆ. ಹಾಗೆಯೇ ಭೂಸುಧಾರಣೆಯ ಕಾಲದಲ್ಲಿ ಭೂ ನ್ಯಾಯಮಂಡಳಿಯಿಂದ ಬಂದ ಗೇಣಿ ಜಮೀನು ಮನೆಯ ಹಿರಿಯ ಮಗನೊಬ್ಬನ ಹೆಸರಿನಲ್ಲಿದ್ದ ಮಾತ್ರಕ್ಕೆ ಅವನೊಬ್ಬನದೇ ಆಗುವುದಿಲ್ಲ. ಗೇಣಿ ಮಾಡುತ್ತಿದ್ದದ್ದು ಅಜ್ಜನೋ ಇಡೀ ಕುಟುಂಬವೋ ಎಂಬುದು ಗೇಣಿದಾರರು ಒಡೆತನ ಕೋರಿ ಸಲ್ಲಿಸಿದ ನಮೂನೆ 7ರ ಅರ್ಜಿ ಮತ್ತು ಮಂಡಳಿಯ ಆದೇಶವನ್ನು ಓದಿದರೆ ತಿಳಿಯುತ್ತದೆ. ನಮ್ಮ ರಾಜ್ಯದ ಎಷ್ಟೋ ಕುಟುಂಬಗಳ ಮುಖ್ಯ ಆಸ್ತಿ ಇಂಥ ಜಮೀನೇ ಆಗಿರುವುದರಿಂದ ಆ ಎರಡು ಕಾಗದಗಳ ನಕಲನ್ನು ಪಡೆಯಲು ಶ್ರಮ ಪಡುವುದು ಸಾರ್ಥಕ.

ಲೆಕ್ಕವನ್ನು ಒಂದು ಉದಾಹರಣೆಯಿಂದ ನೋಡಬಹುದು. ಎಂಟು ಎಕರೆ ಪಿತ್ರಾರ್ಜಿತ ಜಮೀನು. ತಂದೆ, ತಾಯಿ, ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು. ತಂದೆ ಉಯಿಲು ಬರೆಯದೆ ಇತ್ತೀಚೆಗೆ ತೀರಿಕೊಂಡಿದ್ದಾರೆ. ಸಾವಿಗೆ ತುಸು ಮೊದಲು ಪಾಲಾಯಿತು ಎಂದು ಕಾನೂನು ಕಲ್ಪಿಸಿಕೊಳ್ಳುತ್ತದೆ. ಆಗ ತಂದೆ ಮತ್ತು ಮೂವರು ಮಕ್ಕಳಿಗೆ ತಲಾ ಎರಡು ಎಕರೆ. ತಂದೆಯ ಆ ಎರಡು ಎಕರೆ ತಾಯಿ ಮತ್ತು ಮೂವರು ಮಕ್ಕಳಿಗೆ ಸಮನಾಗಿ, ಅಂದರೆ ತಲಾ 20 ಗುಂಟೆಯಂತೆ ಹೋಗುತ್ತದೆ. ಒಟ್ಟಿನಲ್ಲಿ ಪ್ರತಿ ಮಗುವಿಗೆ 2 ಎಕರೆ 20 ಗುಂಟೆ, ತಾಯಿಗೆ 20 ಗುಂಟೆ. ಕೆಲವು ಪ್ರದೇಶಗಳ ಹಿಂದೂ ಕಾನೂನಿನ ಸಂಪ್ರದಾಯದಂತೆ ಪಾಲಿನ ವೇಳೆ ತಾಯಿಗೆ ಪ್ರತ್ಯೇಕ ಭಾಗವೂ ಸಿಗುವುದುಂಟು. ಹಾಗಾಗಿ ನಿಮ್ಮ ಊರಿನ ಪರಿಸ್ಥಿತಿಯನ್ನು ವಕೀಲರಲ್ಲಿ ಕೇಳಿಯೇ ಲೆಕ್ಕವನ್ನು ಖಚಿತಪಡಿಸಿಕೊಳ್ಳಿ.

ಈ ನಿಯಮಗಳು ಹಿಂದೂ, ಜೈನ, ಬೌದ್ಧ, ಸಿಖ್ ಕುಟುಂಬಗಳಿಗೆ ಸಂಬಂಧಿಸಿದವು. ಮುಸ್ಲಿಂ ವೈಯಕ್ತಿಕ ಕಾನೂನಿನಲ್ಲಿ ಮಗಳಿಗೆ ಮಗನ ಅರ್ಧದಷ್ಟು ಪಾಲು ನಿಗದಿಯಾಗಿದೆ, ಅಲ್ಲಿ ಜನ್ಮತಃ ಹಕ್ಕು ಎಂಬುದಿಲ್ಲ. ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮದಂತೆ ಮಗ, ಮಗಳು ಸಮಾನರು. ಹೆಣ್ಣಿನ ಕಡೆಯಿಂದ ವಂಶ ಸಾಗುವ ಕರಾವಳಿಯ ಅಳಿಯಸಂತಾನ ಕುಟುಂಬಗಳ ಆಸ್ತಿಯನ್ನು ಪ್ರತ್ಯೇಕವಾಗಿಯೇ ನೋಡಬೇಕು. ಪರಿಶಿಷ್ಟ ಪಂಗಡಗಳಿಗೆ ಹಿಂದೂ ಉತ್ತರಾಧಿಕಾರ ಅಧಿನಿಯಮವು ಕೇಂದ್ರ ಸರ್ಕಾರದ ಅಧಿಸೂಚನೆಯಿಲ್ಲದೆ ಅನ್ವಯಿಸುವುದಿಲ್ಲ ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. ಈ ಹೊರಗಿಡುವಿಕೆಯನ್ನು ಮರುಪರಿಶೀಲಿಸುವಂತೆ ಸುಪ್ರೀಂ ಕೋರ್ಟ್ 2022ರಲ್ಲಿ ಕೇಂದ್ರಕ್ಕೆ ಸೂಚಿಸಿತು. 2025ರ ಜುಲೈನಲ್ಲಿ ಛತ್ತೀಸಗಢದ ಬುಡಕಟ್ಟು ಕುಟುಂಬವೊಂದರ ಪ್ರಕರಣದಲ್ಲಿ, ಹೆಣ್ಣುಮಕ್ಕಳನ್ನು ಹೊರಗಿಡುವ ರೂಢಿಯನ್ನು ಸಾಬೀತುಪಡಿಸದ ಹೊರತು ಪಾಲನ್ನು ನಿರಾಕರಿಸಲಾಗದು ಎಂದು ಅದೇ ನ್ಯಾಯಾಲಯ ತೀರ್ಪಿತ್ತಿದೆ. ಆ ಸಮುದಾಯಗಳ ಹೆಣ್ಣುಮಕ್ಕಳು ‘ನಮಗೆ ಕಾನೂನಿಲ್ಲ’ ಎಂದು ಕೈಚೆಲ್ಲುವ ಅಗತ್ಯವಿಲ್ಲ.

ದಾಖಲೆಗಳನ್ನು ಕೂಡಿಸುವುದು

ಪಾಲಿನ ಮಾತೆತ್ತುವ ಮೊದಲೇ ದಾಖಲೆಗಳು ನಿಮ್ಮ ಕೈಯಲ್ಲಿರಲಿ. ಮಾತೆತ್ತಿದ ನಂತರ ಮನೆಯ ಕಬ್ಬಿಣದ ಪೆಟ್ಟಿಗೆಗೆ ಬೀಗ ಬೀಳುವುದುಂಟು. ಹೆಚ್ಚಿನವಕ್ಕೆ ಯಾರನ್ನೂ ಕೇಳಬೇಕಾಗಿಯೂ ಇಲ್ಲ. ಸರ್ವೆ ನಂಬರ್ ಗೊತ್ತಿದ್ದರೆ ಪಹಣಿಯನ್ನೂ ಮ್ಯುಟೇಷನ್ ವಿವರವನ್ನೂ ‘ಭೂಮಿ’ ಜಾಲತಾಣದಲ್ಲಿ ಅಥವಾ ನಾಡಕಚೇರಿಯಲ್ಲಿ ಪಡೆಯಬಹುದು. ಹಳೆಯ ಕೈಬರಹದ ಪಹಣಿ ಮತ್ತು ಹಕ್ಕು ಬದಲಾವಣೆ ವಹಿಯ ನಕಲಿಗೆ ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಗೆ ಅರ್ಜಿ ಹಾಕಬೇಕು. ಋಣಭಾರ ಪ್ರಮಾಣಪತ್ರ ‘ಕಾವೇರಿ’ ತಂತ್ರಾಂಶದಲ್ಲಿ ಸಿಗುತ್ತದೆ, ಗಣಕೀಕರಣಕ್ಕೂ ಹಿಂದಿನ ವರ್ಷಗಳದ್ದನ್ನು ಉಪ ನೋಂದಣಿ ಕಚೇರಿಯಲ್ಲಿ ಹುಡುಕಿಸಬೇಕು. ಆಸ್ತಿಯನ್ನು ಯಾರಿಗೆ ಬರೆದುಕೊಡಲಾಗಿದೆ, ಯಾವ ಬ್ಯಾಂಕಿಗೆ ಅಡವಿಡಲಾಗಿದೆ, ನಿಮಗೆ ತಿಳಿಯದ ವಿಭಾಗ ಪತ್ರವೇನಾದರೂ ನೋಂದಣಿಯಾಗಿದೆಯೇ ಎಂಬುದೆಲ್ಲ ಇದರಿಂದ ಹೊರಬರುತ್ತದೆ. ಆದ್ದರಿಂದ ಸಾಧ್ಯವಾದಷ್ಟು ಹಿಂದಿನ ವರ್ಷಗಳಿಂದ ತೆಗೆಸಿ. ಹಳ್ಳಿಯ ಮನೆ, ನಿವೇಶನಗಳಿಗೆ ಗ್ರಾಮ ಪಂಚಾಯಿತಿಯ ಇ-ಸ್ವತ್ತು ನಮೂನೆಗಳು, ಪಟ್ಟಣದಲ್ಲಾದರೆ ಖಾತಾ ಪ್ರತಿ ಬೇಕಾಗುತ್ತವೆ.

ಇವುಗಳ ಜೊತೆಗೆ ತಂದೆಯ ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷ. ವಂಶವೃಕ್ಷವನ್ನು ಬಹು ಎಚ್ಚರದಿಂದ ಪರಿಶೀಲಿಸಿ. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರನ್ನೇ ಬಿಟ್ಟು ವಂಶವೃಕ್ಷ ಮಾಡಿಸಿ, ಅದರ ಆಧಾರದ ಮೇಲೆ ಪೌತಿ ಖಾತೆ (ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಾಯಿಸುವುದು) ಮಾಡಿಸಿಕೊಳ್ಳುವುದು ನಮ್ಮಲ್ಲಿ ನಡೆದುಬಂದಿರುವ ಅನ್ಯಾಯಗಳಲ್ಲಿ ಒಂದು. ನಿಮ್ಮ ಹೆಸರು ಬಿಟ್ಟುಹೋಗಿದ್ದರೆ ತಹಶೀಲ್ದಾರರಿಗೆ ಲಿಖಿತವಾಗಿ ತಿಳಿಸಿ. ನೀವು ಇಂಥವರ ಮಗಳು ಎಂಬುದಕ್ಕೆ ಶಾಲೆಯ ವರ್ಗಾವಣೆ ಪತ್ರ ಅಥವಾ ಅಂಕಪಟ್ಟಿ, ಹಳೆಯ ಪಡಿತರ ಚೀಟಿ, ಮದುವೆಯ ಆಮಂತ್ರಣ ಪತ್ರಿಕೆ ಕೂಡ ನೆರವಾಗುತ್ತವೆ.

ಪೌತಿ ಖಾತೆಯಲ್ಲಿ ಹೆಸರು ಸೇರಿಸುವುದು

ತಂದೆಯ ಹೆಸರಿನಲ್ಲಿದ್ದ ಜಮೀನಿನ ಖಾತೆ ವಾರಸುದಾರರಿಗೆ ಬದಲಾಗುವಾಗ ಎಲ್ಲರ ಹೆಸರೂ ಜಂಟಿಯಾಗಿ ಬರುವಂತೆ ನೋಡಿಕೊಳ್ಳುವುದು ಇಡೀ ಪ್ರಕ್ರಿಯೆಯಲ್ಲಿ ಅತಿ ಕಡಿಮೆ ಖರ್ಚಿನ, ಅತಿ ಹೆಚ್ಚು ರಕ್ಷಣೆಯ ಕೆಲಸ. ಜಂಟಿ ಖಾತೆಯಿದ್ದರೆ ಸಹೋದರನೊಬ್ಬನೇ ಹೋಗಿ ಇಡೀ ಜಮೀನನ್ನು ಮಾರುವುದು ಕಷ್ಟವಾಗುತ್ತದೆ. ನೀರಾವರಿ ಯೋಜನೆಗೋ ಹೆದ್ದಾರಿಗೋ ಭೂಸ್ವಾಧೀನವಾದರೆ ಪರಿಹಾರದ ನೋಟಿಸು ನಿಮಗೂ ಬರುತ್ತದೆ. ಯಾರೂ ಅರ್ಜಿ ಹಾಕುವವರೆಗೆ ಕಾಯದೆ ನೀವೇ ಹಾಕಬಹುದು. ಯಾರಾದರೂ ಈಗಾಗಲೇ ಹಾಕಿದ್ದರೆ ತಹಶೀಲ್ದಾರರಿಗೂ ಗ್ರಾಮ ಆಡಳಿತ ಅಧಿಕಾರಿಗೂ ತಕರಾರು ಸಲ್ಲಿಸಿ. ಒಕ್ಕಣೆ ಹೀಗಿದ್ದರೆ ಸಾಕು: ‘ನನ್ನ ತಂದೆಯವರು ಇಂಥ ದಿನದಂದು ಮರಣ ಹೊಂದಿದ್ದು, ಇಂಥ ಗ್ರಾಮದ ಇಂಥ ಸರ್ವೆ ನಂಬರಿನ ಜಮೀನು ಅವರ ಹೆಸರಿನಲ್ಲಿರುತ್ತದೆ. ನಾನು ಅವರ ಮಗಳಾಗಿದ್ದು, ನನ್ನ ಹಕ್ಕನ್ನು ಯಾರಿಗೂ ಬಿಟ್ಟುಕೊಟ್ಟಿರುವುದಿಲ್ಲ. ಎಲ್ಲ ವಾರಸುದಾರರ ಹೆಸರನ್ನೂ ಜಂಟಿಯಾಗಿ ದಾಖಲಿಸಬೇಕೆಂದೂ, ನನಗೆ ನೋಟಿಸು ನೀಡದೆ ಖಾತೆ ಬದಲಾಯಿಸಬಾರದೆಂದೂ ಕೋರುತ್ತೇನೆ.’ ಎರಡು ಪ್ರತಿ ಮಾಡಿ, ಒಂದರ ಮೇಲೆ ಕಚೇರಿಯ ಮೊಹರು ಮತ್ತು ಸ್ವೀಕೃತಿಯ ದಿನಾಂಕ ಪಡೆಯಿರಿ. ದೂರದ ಊರಿನಲ್ಲಿದ್ದರೆ ನೋಂದಾಯಿತ ಅಂಚೆಯಲ್ಲಿ ಕಳಿಸಬಹುದು.

ನಿಮ್ಮನ್ನು ಬಿಟ್ಟು ಖಾತೆಯಾಗಿಹೋಗಿದ್ದರೆ ಕರ್ನಾಟಕ ಭೂಕಂದಾಯ ಅಧಿನಿಯಮದ 136ನೆಯ ಪ್ರಕರಣದಡಿ ಉಪವಿಭಾಗಾಧಿಕಾರಿಯವರ ಮುಂದೆ ಮೇಲ್ಮನವಿ ಸಲ್ಲಿಸಬಹುದು. ಅದಕ್ಕೆ ಕಾಲಮಿತಿಯಿರುವುದರಿಂದ ತಿಳಿದ ಕೂಡಲೇ ಹೊರಡಬೇಕು. ಆದರೆ ಪಹಣಿಯಲ್ಲಿ ಹೆಸರಿಲ್ಲದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ ಎಂಬುದನ್ನು ಗಟ್ಟಿಯಾಗಿ ನೆನಪಿಡಿ. ಅದು ಕಂದಾಯದ ದಾಖಲೆಯೇ ಹೊರತು ಒಡೆತನದ ಪತ್ರವಲ್ಲ, ಒಡೆತನದ ವಿವಾದವನ್ನು ತೀರ್ಮಾನಿಸುವುದು ಸಿವಿಲ್ ನ್ಯಾಯಾಲಯವೇ.

ಮನೆಯವರೊಡನೆ ಮಾತು

‘ನಿನ್ನ ಮದುವೆಗೆ ಅಷ್ಟು ಖರ್ಚು ಮಾಡಿದೆವು, ಬಂಗಾರ ಹಾಕಿದೆವು, ಮತ್ತೇನು ಪಾಲು?’ ಎಂಬ ಮಾತು ಬರದ ಮನೆಯಿಲ್ಲ. ಮದುವೆಯ ಖರ್ಚು ಪಾಲಲ್ಲ. ಮಗನ ಓದಿಗೂ ಮದುವೆಗೂ ಮಾಡಿದ ಖರ್ಚನ್ನು ಯಾರೂ ಅವನ ಭಾಗದಿಂದ ಕಳೆಯುವುದಿಲ್ಲ. ವರದಕ್ಷಿಣೆಯಂತೂ 1961ರಿಂದಲೇ ಅಪರಾಧ. ಒಂದು ಅಪರಾಧವನ್ನು ತೋರಿಸಿ ಒಂದು ಹಕ್ಕನ್ನು ಅಳಿಸಲಾಗದು. ‘ಪಾಲು ಕೇಳಿದರೆ ತವರಿನ ಬಾಗಿಲು ಮುಚ್ಚುತ್ತದೆ, ಗೌರಿ ಹಬ್ಬಕ್ಕೆ ಬಾಗಿನ ಬರುವುದಿಲ್ಲ’ ಎಂಬ ಇನ್ನೊಂದು ಮಾತು ಹೆಚ್ಚು ನೋಯಿಸುವಂಥದ್ದು, ಏಕೆಂದರೆ ಅದು ಎಷ್ಟೋ ಕಡೆ ನಿಜವಾಗುತ್ತದೆ. ಈ ಭಯವನ್ನು ಕ್ಷುಲ್ಲಕವೆನ್ನುವವರು ಗಂಡನ ಮನೆಯಲ್ಲಿ ನೆಲೆ ತಪ್ಪಿದ ಹೆಣ್ಣಿಗೆ ತವರೊಂದೇ ಆಸರೆ ಎಂಬುದನ್ನು ಮರೆತಿರುತ್ತಾರೆ. ಆದರೆ ಅದೇ ಕಾರಣಕ್ಕೆ ಹೇಳಬೇಕಾದ ಮಾತೂ ಇದೆ: ಅಣ್ಣನ ದಯೆಯ ಮೇಲೆ ನಿಂತ ಆಸರೆಗಿಂತ ಸ್ವಂತ ಹೆಸರಿನ ಎರಡು ಎಕರೆ ಅಥವಾ ಒಂದು ಕೋಣೆ ಕಷ್ಟಕಾಲದಲ್ಲಿ ಹೆಚ್ಚು ಭದ್ರ. ಕುಟುಂಬ ವಾಸಿಸುವ ಮನೆಯಲ್ಲಿ ಪಾಲು ಕೇಳಲು ಹೆಣ್ಣುಮಕ್ಕಳಿಗಿದ್ದ ನಿರ್ಬಂಧವನ್ನೂ 2005ರಲ್ಲೇ ತೆಗೆಯಲಾಗಿದೆ.

ಮಾತನ್ನು ತಾಯಿಯ ಸಮ್ಮುಖದಲ್ಲಿ, ಅಕ್ಕತಂಗಿಯರೆಲ್ಲರೂ ಮೊದಲೇ ತಮ್ಮತಮ್ಮಲ್ಲಿ ಚರ್ಚಿಸಿಕೊಂಡು ಎತ್ತುವುದು ಒಳ್ಳೆಯದು. ಒಬ್ಬಳೇ ಕೇಳಿದರೆ ಅವಳೊಬ್ಬಳನ್ನು ದುರಾಸೆಯವಳೆಂದು ಬದಿಗೊತ್ತುವುದು ಸುಲಭ. ಜಮೀನನ್ನು ಉಳುತ್ತಿರುವವನು ತಮ್ಮನೇ ಆಗಿದ್ದು ತುಂಡು ಮಾಡಿದರೆ ಬೇಸಾಯ ಸಾಗದು ಎನ್ನುವುದಾದರೆ, ಒಡೆತನವನ್ನು ಇಟ್ಟುಕೊಂಡು ಸಾಗುವಳಿಯನ್ನು ಅವನಿಗೇ ಬಿಡಬಹುದು, ಪಾಲಿನ ಬೆಲೆಯನ್ನು ಹಣದ ರೂಪದಲ್ಲಿ ಪಡೆಯಬಹುದು, ನಿವೇಶನವೊಂದನ್ನು ಬದಲಿಗೆ ಕೇಳಬಹುದು. ಒಪ್ಪಂದವಾದರೆ ನೋಂದಾಯಿತ ವಿಭಾಗ ಪತ್ರವನ್ನೇ ಮಾಡಿಸಿ. ಕುಟುಂಬದೊಳಗಿನ ವಿಭಾಗಕ್ಕೆ ಮುದ್ರಾಂಕ ಶುಲ್ಕ ಕ್ರಯಪತ್ರಕ್ಕಿಂತ ಬಹಳ ಕಡಿಮೆ. ಒಂದೇ ಸರ್ವೆ ನಂಬರಿನ ಭಾಗವನ್ನು ಪಾಲು ಮಾಡುವುದಾದರೆ ಅದಕ್ಕೆ ಮೊದಲು ಭೂಮಾಪಕರಿಂದ 11ಇ ನಕ್ಷೆ (ಪಾಲಾಗುವ ಭಾಗವನ್ನು ಅಳೆದು ಗುರುತಿಸುವ ನಕ್ಷೆ) ಮಾಡಿಸಬೇಕು. ಯಾವ ದಿಕ್ಕಿನ ಭಾಗ, ದಾರಿ ಎಲ್ಲಿಂದ, ಕೊಳವೆ ಬಾವಿಯ ನೀರು ಯಾರಿಗೆ ಎಂಬುದನ್ನು ಪತ್ರದಲ್ಲಿ ಬರೆಸದೆ ಬಿಟ್ಟರೆ ಕಾಗದದ ಮೇಲಿನ ಪಾಲು ಹೊಲದಲ್ಲಿ ಸಿಗುವುದಿಲ್ಲ.

ಸ್ವಂತ ಇಚ್ಛೆಯಿಂದ ಹಕ್ಕು ಬಿಟ್ಟುಕೊಡಲು ಬಯಸುವ ಹೆಣ್ಣುಮಕ್ಕಳೂ ಇದ್ದಾರೆ, ಅದು ಅವರ ಸ್ವಾತಂತ್ರ್ಯ. ಆದರೆ ನೋಂದಣಿಯಾದ ಮೇಲೆ ಬಿಡುಗಡೆ ಪತ್ರವನ್ನು ಹಿಂತೆಗೆದುಕೊಳ್ಳುವುದು ಬಹಳ ಕಷ್ಟ ಎಂಬುದನ್ನು ಅರಿತು ಮಾಡಬೇಕು. ಪ್ರತಿಯಾಗಿ ಹಣ ಕೊಡುವುದಾಗಿ ಹೇಳಿದ್ದರೆ ಅದು ಪತ್ರದಲ್ಲೇ ಬರಲಿ ಮತ್ತು ಸಹಿಗೆ ಮೊದಲೇ ಬ್ಯಾಂಕ್ ಮೂಲಕ ಕೈಸೇರಲಿ. ತಾಯಿಯ ಹೆಸರನ್ನಂತೂ ಯಾವ ಕಾರಣಕ್ಕೂ ಬಿಡುಗಡೆ ಮಾಡಿಸಬೇಡಿ. ಎಲ್ಲರೂ ಮಗನಿಗೆ ಬರೆದುಕೊಟ್ಟ ಮೇಲೆ ಅದೇ ಮನೆಯಲ್ಲಿ ಊಟಕ್ಕೆ ಕೈಚಾಚುವ ಸ್ಥಿತಿ ಎಷ್ಟೋ ತಾಯಂದಿರಿಗೆ ಬಂದಿದೆ. ಬರೆದುಕೊಡಲೇಬೇಕೆಂದು ಅವರೇ ಹಟ ಹಿಡಿದರೆ, ತಮ್ಮನ್ನು ನೋಡಿಕೊಳ್ಳುವ ಷರತ್ತನ್ನು ಪತ್ರದಲ್ಲಿ ಬರೆಸಿ. ಹಾಗೆ ಬರೆಸಿದ್ದರೆ, ಷರತ್ತು ಮುರಿದಾಗ 2007ರ ಹಿರಿಯ ನಾಗರಿಕರ ಪಾಲನೆ ಪೋಷಣೆ ಕಾಯ್ದೆಯ 23ನೆಯ ಪ್ರಕರಣದಡಿ ಆ ವರ್ಗಾವಣೆಯನ್ನು ರದ್ದುಪಡಿಸುವಂತೆ ಕೇಳಬಹುದು.

ನ್ಯಾಯಾಲಯಕ್ಕೆ ಹೋಗಬೇಕಾದಾಗ

ಮಾತಿನಲ್ಲಿ ಬಗೆಹರಿಯದಿದ್ದರೆ ಮೊದಲು ವಕೀಲರ ಮೂಲಕ ನೋಟಿಸು, ನಂತರ ಆಸ್ತಿಯಿರುವ ಪ್ರದೇಶದ ಸಿವಿಲ್ ನ್ಯಾಯಾಲಯದಲ್ಲಿ ವಿಭಾಗದ ದಾವೆ. ಹಣವಿಲ್ಲ ಎಂಬ ಕಾರಣಕ್ಕೆ ಹಿಂಜರಿಯಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಅಧಿನಿಯಮದಂತೆ ಮಹಿಳೆಯರಿಗೆ, ಅವರ ಆದಾಯ ಎಷ್ಟೇ ಇರಲಿ, ಉಚಿತವಾಗಿ ವಕೀಲರ ನೆರವು ಸಿಗುತ್ತದೆ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವೆಗಳ ಸಮಿತಿಗೆ ಅರ್ಜಿ ಕೊಡಬಹುದು ಅಥವಾ 15100ಕ್ಕೆ ಕರೆ ಮಾಡಬಹುದು. ದಾವೆಯಲ್ಲಿ ಕುಟುಂಬದ ಎಲ್ಲ ಆಸ್ತಿಯನ್ನೂ ಎಲ್ಲ ಪಾಲುದಾರರನ್ನೂ ಸೇರಿಸಬೇಕು. ಒಂದನ್ನು ಬಿಟ್ಟರೆ ಅದೇ ಎದುರಾಳಿಯ ಮೊದಲ ಆಕ್ಷೇಪಣೆಯಾಗುತ್ತದೆ.

ಆಸ್ತಿಯನ್ನು ಮಾರುವ ಸುಳಿವಿದ್ದರೆ ದಾವೆಯ ಜೊತೆಗೇ ತಾತ್ಕಾಲಿಕ ತಡೆಯಾಜ್ಞೆ ಕೇಳಿ. ಉಪ ನೋಂದಣಾಧಿಕಾರಿಗೆ ತಕರಾರು ಅರ್ಜಿ ಕೊಟ್ಟರೆ ಸಾಕೆಂದು ಅನೇಕರು ನಂಬಿ ಕೂರುತ್ತಾರೆ. ಖಾಸಗಿ ತಕರಾರೊಂದನ್ನೇ ಆಧರಿಸಿ ನೋಂದಣಿ ನಿಲ್ಲಿಸಲು ಅವರಿಗೆ ಸಾಮಾನ್ಯವಾಗಿ ಬರುವುದಿಲ್ಲ, ನಿಲ್ಲಿಸಬಲ್ಲದ್ದು ನ್ಯಾಯಾಲಯದ ಆದೇಶ. ದಾವೆ ನಡೆಯುತ್ತಿರುವಾಗ ಯಾರಾದರೂ ಕೊಂಡರೂ ಆ ಖರೀದಿದಾರ ಅಂತಿಮ ತೀರ್ಪಿಗೆ ಬದ್ಧನಾಗಿರುತ್ತಾನೆ. ಮೋಸದಿಂದಲೋ ಒತ್ತಾಯದಿಂದಲೋ ಸಹಿ ಹಾಕಿಸಿಕೊಂಡಿದ್ದರೆ ಆ ಪತ್ರವನ್ನು ರದ್ದುಪಡಿಸಲು, ಮೋಸ ತಿಳಿದ ದಿನದಿಂದ ಮೂರು ವರ್ಷಗಳೊಳಗೆ ದಾವೆ ಹೂಡಬೇಕು. ಕುಟುಂಬದ ಆಸ್ತಿಯಿಂದ ನಿಮ್ಮನ್ನು ಹೊರಗಿಟ್ಟಿದ್ದಾರೆಂದು ಖಚಿತವಾಗಿ ತಿಳಿದ ಮೇಲೆ ಪಾಲು ಕೇಳಲು ಹನ್ನೆರಡು ವರ್ಷಗಳ ಮಿತಿಯಿದೆ. ‘ಕೊಡುತ್ತೇವೆ, ಮುಂದಿನ ವರ್ಷ ನೋಡೋಣ’ ಎಂಬ ಭರವಸೆಯಲ್ಲಿ ಈ ವರ್ಷಗಳು ಸವೆದುಹೋಗದಂತೆ ಎಚ್ಚರ ವಹಿಸಿ.

ವಿಭಾಗದ ದಾವೆ ಬೇಗ ಮುಗಿಯುವುದಿಲ್ಲ ಎಂಬುದನ್ನು ಮುಚ್ಚಿಡುವುದು ಸರಿಯಲ್ಲ. ಮೊದಲು ಪ್ರಾಥಮಿಕ ಡಿಕ್ರಿಯಲ್ಲಿ ಯಾರಿಗೆ ಎಷ್ಟು ಭಾಗ ಎಂಬುದು ನಿರ್ಧಾರವಾಗುತ್ತದೆ. ಆ ಬಳಿಕ ಅಂತಿಮ ಡಿಕ್ರಿಯ ಹಂತದಲ್ಲಿ ನೆಲವನ್ನು ಅಳೆದು ಗುರುತಿಸಲಾಗುತ್ತದೆ. ಪ್ರಾಥಮಿಕ ಡಿಕ್ರಿ ಬಂದ ಕೂಡಲೇ ಗೆದ್ದೆವೆಂದು ಸುಮ್ಮನಾದವರಿಗೆ ಭೂಮಿ ಸಿಗುವುದಿಲ್ಲ, ಅಂತಿಮ ಡಿಕ್ರಿಗೆ ಪ್ರಕ್ರಿಯೆಯನ್ನು ಮುಂದುವರಿಸಲೇಬೇಕು. ನಡುವೆ ಎಂದಾದರೂ ಮನಸ್ಸುಗಳು ಹತ್ತಿರ ಬಂದರೆ ಮಧ್ಯಸ್ಥಿಕೆ ಕೇಂದ್ರ ಅಥವಾ ಲೋಕ ಅದಾಲತ್ ಮೂಲಕ ರಾಜಿಯಾಗಬಹುದು. ಲೋಕ ಅದಾಲತ್ತಿನಲ್ಲಿ ಮುಗಿದರೆ ಕಟ್ಟಿದ ನ್ಯಾಯಾಲಯ ಶುಲ್ಕ ಮರಳುತ್ತದೆ, ಆ ತೀರ್ಮಾನದ ವಿರುದ್ಧ ಮೇಲ್ಮನವಿಯೂ ಇರುವುದಿಲ್ಲ. ಮೇಲ್ಮನವಿ ಇಲ್ಲದಿರುವುದು ಎರಡೂ ಕಡೆಗೆ ಅನ್ವಯಿಸುವುದರಿಂದ ರಾಜಿ ಪತ್ರದ ಪ್ರತಿ ಸಾಲನ್ನೂ ಓದಿದ ಮೇಲೆಯೇ ಒಪ್ಪಿ.

ಪಾಲು ಕೈಗೆ ಬಂದ ಮೇಲೆ

ವಿಭಾಗ ಪತ್ರವಾಗಲಿ ಡಿಕ್ರಿಯಾಗಲಿ ಬಂದ ಮೇಲೆ ನಿಮ್ಮ ಭಾಗಕ್ಕೆ ಪ್ರತ್ಯೇಕ ಖಾತೆ ಮತ್ತು ಪೋಡಿ (ಸರ್ವೆ ನಂಬರಿನಿಂದ ನಿಮ್ಮ ಭಾಗವನ್ನು ಅಳೆದು ಬೇರ್ಪಡಿಸುವುದು) ಮಾಡಿಸಿ, ಕಲ್ಲು ನೆಡಿಸಿ, ಕಂದಾಯವನ್ನು ನಿಮ್ಮ ಹೆಸರಿನಲ್ಲೇ ಕಟ್ಟುತ್ತಾ ಬನ್ನಿ. ದೂರದಲ್ಲಿದ್ದು ಬೇರೆಯವರಿಗೆ ಸಾಗುವಳಿಗೆ ಕೊಟ್ಟಿದ್ದರೆ ವರ್ಷಕ್ಕೊಮ್ಮೆಯಾದರೂ ಪಹಣಿಯನ್ನು ತೆಗೆದು ನೋಡಿ. 1956ರ ಅಧಿನಿಯಮದ 14ನೆಯ ಪ್ರಕರಣದಂತೆ ಈ ಆಸ್ತಿಗೆ ನೀವು ಸಂಪೂರ್ಣ ಒಡತಿ. ಮಾರಲು, ಅಡವಿಡಲು, ದಾನ ಕೊಡಲು ಗಂಡನ ಅಥವಾ ಮಗನ ಅನುಮತಿ ಬೇಕಾಗಿಲ್ಲ.

ಉಯಿಲು ಬರೆಯುವುದನ್ನು ಮಾತ್ರ ಮುಂದೂಡಬೇಡಿ. ಹಿಂದೂ ಮಹಿಳೆ ಉಯಿಲಿಲ್ಲದೆ ತೀರಿಕೊಂಡರೆ 15ನೆಯ ಪ್ರಕರಣದಂತೆ ಆಸ್ತಿ ಮೊದಲು ಮಕ್ಕಳಿಗೂ ಗಂಡನಿಗೂ ಹೋಗುತ್ತದೆ. ಮಕ್ಕಳು ಮೊಮ್ಮಕ್ಕಳು ಇಲ್ಲದಿದ್ದರೆ ತಂದೆತಾಯಿಯಿಂದ ಬಂದದ್ದು ತಂದೆಯ ವಾರಸುದಾರರಿಗೆ ಮರಳುತ್ತದೆ. ಆಕೆ ಸ್ವತಃ ದುಡಿದು ಗಳಿಸಿದ್ದು ಮಾತ್ರ, ಮಕ್ಕಳೂ ಗಂಡನೂ ಇಲ್ಲದಿದ್ದಾಗ, ಆಕೆಯ ಸ್ವಂತ ತಾಯಿಯನ್ನೂ ದಾಟಿ ಗಂಡನ ವಾರಸುದಾರರಿಗೆ ಹೋಗುತ್ತದೆ. ಈ ಕಾನೂನಿನಲ್ಲಿ ಇನ್ನೂ ಸರಿಪಡಿಸದೆ ಉಳಿದಿರುವ ಅಸಮಾನತೆ ಇದು. ಬಿಳಿ ಹಾಳೆಯ ಮೇಲೆ ಇಬ್ಬರು ಸಾಕ್ಷಿಗಳೆದುರು ಬರೆದ ಉಯಿಲಿಗೂ ಕಾನೂನಿನ ಮಾನ್ಯತೆಯಿದೆ. ನೋಂದಣಿ ಕಡ್ಡಾಯವಲ್ಲವಾದರೂ ಉಪ ನೋಂದಣಿ ಕಚೇರಿಯಲ್ಲಿ ಅದನ್ನು ನೋಂದಾಯಿಸಿ, ಯಾವ ಕಚೇರಿ, ಯಾವ ದಿನ ಎಂಬುದನ್ನು ನಿಮ್ಮ ಮಗಳಿಗೂ ಮಗನಿಗೂ ತಿಳಿಸಿಡಿ.